ಮತ ಬದಲಿಸುವ ಮುನ್ನ

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ನಿಜ. ಆದರೆ ಮತಾಂತರಕ್ಕೆ ಹೊರಟವರು ಆ ಒಂದು ಸಾಲನ್ನೇ ನೆಚ್ಚಿಕೊಂಡು ಹೆಜ್ಜೆ ಇಡುವುದು ಬೇಡ. ನಂಬಿಕೆ ಬದಲಾಗುವುದು ಮನಸ್ಸಿನೊಳಗೆ. ಅದರ ಪರಿಣಾಮ ಮದುವೆ, ಆಸ್ತಿ, ಜಾತಿ ಪ್ರಮಾಣಪತ್ರದ ಮೇಲೆ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರು ಅನ್ಯಧರ್ಮಕ್ಕೆ ಹೋದರೆ ಸಂಗಾತಿ ಆ ಕಾರಣಕ್ಕೇ ವಿಚ್ಛೇದನ ಕೇಳಬಹುದು, ಆದರೆ ಮದುವೆ ತಾನಾಗಿ ಮುರಿಯದು. ಎರಡನೇ ಮದುವೆಗೆಂದು ಮತ ಬದಲಿಸುವ ಉಪಾಯಕ್ಕೆ ಸುಪ್ರೀಂ ಕೋರ್ಟ್ 1995ರ ಸರಳಾ ಮುದ್ಗಲ್ ಪ್ರಕರಣದಲ್ಲೇ ಬಾಗಿಲು ಹಾಕಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೂ ಸೂಕ್ಷ್ಮ: ಮತಾಂತರದ ನಂತರ ಹುಟ್ಟಿದ ಮಕ್ಕಳು ಉತ್ತರಾಧಿಕಾರ ತೆರೆಯುವ ಹೊತ್ತಿಗೆ ಹಿಂದೂಗಳಾಗಿರದಿದ್ದರೆ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗರು. ಪರಿಶಿಷ್ಟ ಜಾತಿಯವರು ಬೌದ್ಧರಾದರೆ 1990ರಿಂದ ಸ್ಥಾನಮಾನ ಉಳಿಯುತ್ತದೆ. ಕ್ರೈಸ್ತರೋ ಮುಸ್ಲಿಮರೋ ಆದರೆ ಇಲ್ಲ. ನನಗಿದು ಅನ್ಯಾಯವೆಂದೇ ಕಾಣುತ್ತದೆ, ಆದರೂ ಇಂದಿನ ಕಾನೂನು ಅದೇ.

ದೇವರ ದಾರಿಗೆ ಲೆಕ್ಕಾಚಾರವೇಕೆ ಎನ್ನಬಹುದು. ಲೆಕ್ಕ ನಂಬಿಕೆಯದಲ್ಲ, ನಿಮ್ಮ ನಿರ್ಧಾರದ ಬೆಲೆ ತೆರುವ ಸಂಗಾತಿ, ಮಕ್ಕಳದು. ನನ್ನ ನಂಬಿಕೆಯನ್ನು ಸರ್ಕಾರಕ್ಕೇಕೆ ತಿಳಿಸಲಿ ಎಂಬ ಆಕ್ಷೇಪ ಹೆಚ್ಚು ಗಟ್ಟಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಪುಟ್ಟಸ್ವಾಮಿ ತೀರ್ಪು ಸಾರಿತು. ಹಾಗಿದ್ದೂ ಕರ್ನಾಟಕದ 2022ರ ಮತಾಂತರ ನಿಷೇಧ ಕಾಯ್ದೆ ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕೆಂದಿತು. 2023ರಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ನಿರ್ಧರಿಸಿತಾದರೂ ಸಂಪುಟದ ನಿರ್ಧಾರವೊಂದೇ ಕಾಯ್ದೆಯನ್ನು ಅಳಿಸುವುದಿಲ್ಲ. ಪತ್ರಿಕೆಯ ತಲೆಬರಹ ನಂಬಿ ಕೂರದೆ, ಈಗ ಯಾವ ನಿಯಮ ಜಾರಿಯಲ್ಲಿದೆಯೆಂದು ವಕೀಲರನ್ನೇ ಕೇಳಿ. ಒತ್ತಾಯ, ಆಮಿಷ ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಆ ಕಾಯ್ದೆ ಮತಾಂತರ ಮಾಡಿಸಿದವರ ಮೇಲೇ ಹೊರಿಸಿತ್ತು. ಆದ್ದರಿಂದ ನಿರ್ಧಾರ ನಿಮ್ಮದೇ ಎಂಬುದಕ್ಕೆ ನಿಮ್ಮ ಕೈಬರಹದ, ದಿನಾಂಕವಿರುವ ದಾಖಲೆಯೊಂದನ್ನು ಮೊದಲೇ ಇಟ್ಟುಕೊಳ್ಳಿ.