ತೈಲಸ್ಥಾವರದ ಸನಿಹದಲ್ಲಿ

ಸಮುದ್ರಮಧ್ಯದ ತೈಲಸ್ಥಾವರಗಳ ಬಳಿ ನೌಕೆ ನಡೆಸುವ ತರುಣ ಮಿತ್ರರೇ, ಅವುಗಳ ಸುತ್ತಣ 500 ಮೀಟರ್ ಸುರಕ್ಷಾವಲಯವನ್ನು ಬರಿಯ ಕಾನೂನಿನ ಗೆರೆಯೆಂದು ಬಗೆಯದಿರಿ. 2005ರ ಜುಲೈ 27ರಂದು, ಮಳೆಗಾಲದ ಹೆದ್ದೆರೆಗಳ ನಡುವೆ, ಬೆರಳಿಗೆ ಗಾಯವಾದ ಅಡುಗೆಯವನೊಬ್ಬನನ್ನು ಚಿಕಿತ್ಸೆಗೆ ದಾಟಿಸುವ ಸದುದ್ದೇಶದಿಂದಲೇ ಬಾಂಬೆ ಹೈ ಉತ್ತರ ಸ್ಥಾವರವನ್ನು ಸಮೀಪಿಸಿದ ‘ಸಮುದ್ರ ಸುರಕ್ಷಾ’ ನೌಕೆಯು, ಗಾಳಿಮರೆಯ ಕಡೆಯ ಕ್ರೇನು ಕೆಟ್ಟಿದ್ದ ಕಾರಣ ಗಾಳಿಗೆದುರಾದ ಮಗ್ಗುಲನ್ನು ಹಿಡಿದು, ಅನಿಲವನ್ನೊಯ್ಯುವ ಲಂಬ ಕೊಳವೆಗೆ ತಗುಲಲಾಗಿ, ಸುಮಾರು ಎರಡು ಗಂಟೆಗಳಲ್ಲಿ ಆ ಬೃಹತ್ ಸ್ಥಾವರವೇ ಅಗ್ನಿಗೆ ಆಹುತಿಯಾಯಿತು. 22 ಜೀವಗಳು ಹೋದವು. ಆ ದಿನವನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ.

ಆದಕಾರಣ ವಲಯದ ಹೊರಗೇ ತಡೆದು ನಿಂತು, ಎಂಜಿನು, ಚುಕ್ಕಾಣಿ, ಥ್ರಸ್ಟರುಗಳನ್ನು ಪರೀಕ್ಷಿಸಿ, ಗಾಳಿಯೂ ಪ್ರವಾಹವೂ ನೌಕೆಯನ್ನು ಎತ್ತ ಒಯ್ಯುತ್ತಿವೆಯೆಂಬುದನ್ನು ಸಾವಧಾನದಿಂದ ಗಮನಿಸಿ, ರೇಡಿಯೋ ಮೂಲಕ ಅನುಮತಿ ಪಡೆದ ಬಳಿಕವೇ ಒಳಗೆ ಬನ್ನಿ. ಯಂತ್ರ ನಿಂತುಹೋದರೂ ನೌಕೆ ಸ್ಥಾವರದಿಂದ ದೂರಕ್ಕೆ ತೇಲಿಹೋಗುವ ಮಗ್ಗುಲೇ ಲೇಸು. ಅದು ಸಾಧ್ಯವಿಲ್ಲದಿದ್ದರೆ ಕೆಲಸವನ್ನು ಮುಂದೂಡಿರಿ. “ಅಲೆ ಎದ್ದಿದೆ, ಇಂದು ಬೇಡ” ಎನ್ನುವ ಅಧಿಕಾರ ಕಪ್ತಾನನದು. ಯಾರು ಅವಸರಪಡಿಸಿದರೂ ಅದನ್ನು ಬಿಟ್ಟುಕೊಡಬೇಡಿ.

ಕಂಬಗಳ ಬಳಿ ಮೀನು ಗುಂಪುಗೂಡುವುದೆಂದು ಅತ್ತ ಬಲೆಯೊಯ್ಯುವ ಮೀನುಗಾರ ಬಂಧುಗಳೂ ದೂರವಿರಬೇಕೆಂದು ನನ್ನ ಬಿನ್ನಹ: ತಳದಲ್ಲಿ ಹರಡಿದ ಕೊಳವೆಗಳಿಗೆ ಬಲೆಯೂ ಲಂಗರೂ ಸಿಕ್ಕಿಕೊಳ್ಳುವುದುಂಟು.