ಮೃತರ ದಾಖಲೆಗಳನ್ನು ನಕಲು ಮಾಡುವ ಕ್ರಮ



ತಮ್ಮ ಅಜ್ಜಿಯೋ ಮುತ್ತಜ್ಜಿಯೋ ಯಾವಾಗ ತೀರಿಕೊಂಡರು, ಎಲ್ಲಿ ಸಮಾಧಿಯಾದರು ಎಂದು ವಿಚಾರಿಸುವ ಪತ್ರಗಳು ನಮ್ಮ ಶಾಲೆಗೆ ಆಗಾಗ ಬರುತ್ತಿರುತ್ತವೆ. ಇದರ ಉತ್ತರವು ಸಭೆಯ ಮರಣದ ರಿಜಿಸ್ಟರಿನಲ್ಲಿ, ಇಲ್ಲವೆ ಸಮಾಧಿಯ ಕಲ್ಲಿನಲ್ಲಿ ಅಡಗಿರುತ್ತದೆ. ಅದನ್ನು ಓದಿ, ನಕಲು ಮಾಡಿ, ಹುಡುಕುವವರ ಕೈಗೆ ಸಿಗುವಂತೆ ಪಟ್ಟಿ ಮಾಡಿಡುವುದು ಒಂದು ಸೇವೆಯೇ ಸರಿ. ಆ ಸೇವೆಯ ಕ್ರಮವನ್ನು ಇಲ್ಲಿ ವಿವರಿಸಲು ಇಚ್ಛಿಸುತ್ತೇವೆ.

ಈ ಕೆಲಸವು ದೊಡ್ಡ ಪ್ರಮಾಣದಲ್ಲಿ ನಡೆದಿರುವ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಅಲ್ಲಿ 1538ನೆಯ ಇಸವಿಯಲ್ಲಿ, ಎಂಟನೆಯ ಹೆನ್ರಿ ಅರಸನ ಕಾಲದಲ್ಲಿ, ದೀಕ್ಷಾಸ್ನಾನ, ವಿವಾಹ, ಸಮಾಧಿ ಇವುಗಳನ್ನು ಪ್ರತಿಯೊಂದು ದೇವಾಲಯದಲ್ಲಿಯೂ ಬರೆದಿಡತಕ್ಕದ್ದೆಂದು ಆಜ್ಞೆಯಾಯಿತು. 1813ರಿಂದ ಸಮಾಧಿಯ ಪುಸ್ತಕಕ್ಕೆ ಅಚ್ಚಿನ ನಮೂನೆ ಬಂದಿತು. ಅದರಲ್ಲಿ ಹೆಸರು, ವಾಸಸ್ಥಳ, ಸಮಾಧಿಯಾದ ದಿನ, ವಯಸ್ಸು, ಸಂಸ್ಕಾರ ನಡಿಸಿದವರ ಸಹಿ ಇವಿಷ್ಟಕ್ಕೇ ಸ್ಥಳವಿದ್ದಿತು. ತಾಯಿತಂದೆಗಳ ಹೆಸರಿಗೆ ಇರಲಿಲ್ಲ. 1837ರ ಜುಲೈ ತಿಂಗಳಿಂದ ಸರಕಾರವೇ ಜನನ, ವಿವಾಹ, ಮರಣಗಳನ್ನು ದಾಖಲು ಮಾಡತೊಡಗಿತು. ಈ ಸರಕಾರೀ ದಾಖಲೆಗಳ ಸೂಚಿಯನ್ನು, 1998ರಲ್ಲಿ ಆರಂಭವಾದ ‘ಫ್ರೀ ಬಿ.ಎಂ.ಡಿ.’ ಎಂಬ ಸಂಸ್ಥೆಯ ಸ್ವಯಂಸೇವಕರು ಸಂಬಳವಿಲ್ಲದೆ ನಕಲು ಮಾಡುತ್ತ ಬಂದಿದ್ದಾರೆ. ಯಾರಾದರೂ ಹಣ ಕೊಡದೆ ಅದನ್ನು ನೋಡಬಹುದು.

ಇದ್ದುದನ್ನು ಇದ್ದಂತೆಯೇ ಬರೆಯಬೇಕೆಂಬುದು ಅವರ ಮೊದಲನೆಯ ನಿಯಮ. ಈ ನಿಯಮದ ಬೆಲೆಯನ್ನು ನಾವು ತಪ್ಪು ಮಾಡಿ ಕಲಿತೆವು. ಕೆಲವು ವರ್ಷಗಳ ಹಿಂದೆ ಮೇಲಿನ ತರಗತಿಯ ಹುಡುಗಿಯರು ಸಮಾಧಿತೋಟದ ಕಲ್ಲುಗಳನ್ನು ನಕಲು ಮಾಡಿದರು. ಒಂದು ಕಲ್ಲಿನಲ್ಲಿ ಹೆಸರಿನ ಮೊದಲಕ್ಷರವು ‘ಎ’ ಎಂದಿರಬೇಕಾದಲ್ಲಿ ಕಲ್ಲುಕುಟಿಗನು ‘ಯ’ ಎಂದು ಕೆತ್ತಿದ್ದನು. ಹುಡುಗಿಯು ಅದನ್ನು ಹಾಗೆಯೇ ಬರೆದು ತಂದಳು. ಉಪಾಧ್ಯಾಯಿನಿಯ ಕೈ ಸುಮ್ಮನಿರಲಿಲ್ಲ. ನಾವೇ ಕೆಂಪು ಮಸಿಯಿಂದ ತಿದ್ದಿದೆವು. ಅಕಾರಾದಿಯಾಗಿ ಪಟ್ಟಿ ಸಿದ್ಧವಾಯಿತು. ಮುಂದೆ ದೂರದೂರಿನ ಒಬ್ಬ ಮಹಿಳೆ, ತನ್ನ ವೃದ್ಧ ತಾಯಿಯ ಅಪೇಕ್ಷೆಯಂತೆ, ಅಜ್ಜಿಯ ಸಮಾಧಿಯನ್ನು ಹುಡುಕುತ್ತ ಬಂದಳು. ಮನೆಯ ಹಳೆಯ ಕಾಗದದಲ್ಲಿದ್ದಂತೆ ‘ಯ’ ಅಕ್ಷರದಲ್ಲಿ ನೋಡಿದಳು; ಹೆಸರು ಕಾಣಲಿಲ್ಲ. ಪಟ್ಟಿಯನ್ನು ನಂಬಿ ಸಂಜೆಯ ಗಾಡಿಗೆ ಹಿಂದಿರುಗಿದಳು. ಮರುವರ್ಷ ಪಟ್ಟಿಯನ್ನು ಕಲ್ಲುಗಳೊಡನೆ ಪುನಃ ಹೋಲಿಸಿದಾಗ ತಪ್ಪು ಬೆಳಕಿಗೆ ಬಂದಿತು. ಕೂಡಲೆ ಆಕೆಗೆ ಪತ್ರ ಬರೆದೆವು. ತಾಯಿಯವರು ಮೂರು ತಿಂಗಳ ಹಿಂದೆ ತೀರಿಕೊಂಡರೆಂದು ಉತ್ತರ ಬಂದಿತು. ಅಂದಿನಿಂದ ಈ ಕೆಲಸಕ್ಕೆ ಕೆಂಪು ಮಸಿಯನ್ನು ಮುಟ್ಟಿಲ್ಲ.

ಎರಡನೆಯದು, ತಾರೀಖುಗಳ ವಿಷಯ. ಇಂಗ್ಲೆಂಡಿನಲ್ಲಿ 1751ರ ವರೆಗೆ ಹೊಸ ವರ್ಷವು ಮಾರ್ಚಿ 25ರಂದು ಆರಂಭವಾಗುತ್ತಿದ್ದಿತು. ಆದುದರಿಂದ ರಿಜಿಸ್ಟರಿನಲ್ಲಿರುವ 1720ರ ಫೆಬ್ರವರಿಯು ನಮ್ಮ ಎಣಿಕೆಗೆ 1721ರ ಫೆಬ್ರವರಿ. ನಕಲು ಮಾಡುವವಳು ಇದನ್ನು ತಿದ್ದಿ 1721 ಎಂದು ಬರೆದರೆ, ಓದುವವನು ಇನ್ನೊಮ್ಮೆ ಒಂದು ಕೂಡಿಸಿ 1722 ಮಾಡುವನು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಶಕವರ್ಷವೂ ಸಂವತ್ಸರದ ಹೆಸರೂ ಇರುವುದುಂಟು. ಶಕವರ್ಷಕ್ಕೆ ಸಾಮಾನ್ಯವಾಗಿ 78 ಕೂಡಿಸಿದರೆ ಇಸವಿ ದೊರೆಯುತ್ತದೆ. ಸಂವತ್ಸರವಾದರೋ 60 ವರ್ಷಗಳಿಗೊಮ್ಮೆ ಮರಳಿ ಬರುವುದು. ಕಲ್ಲಿನಲ್ಲಿದ್ದುದನ್ನು ಒಂದು ಅಂಕಣದಲ್ಲಿಯೂ ನಮ್ಮ ಲೆಕ್ಕವನ್ನು ಬೇರೆ ಅಂಕಣದಲ್ಲಿಯೂ ಬರೆಯತಕ್ಕದ್ದು.

ಮೂರನೆಯದು, ಓದಲಾಗದ ಅಕ್ಷರವನ್ನು ಊಹಿಸಿ ತುಂಬಿಸಬಾರದು. ಅಲ್ಲಿ ಗುರುತು ಹಾಕಬೇಕು. ಒಬ್ಬಳು ಬರೆದುದನ್ನು ನೋಡದೆ ಇನ್ನೊಬ್ಬಳು ಬೇರೆಯಾಗಿ ಬರೆದು, ಬಳಿಕ ಎರಡನ್ನೂ ಹೋಲಿಸುವುದು ಉತ್ತಮ.

ನಾಲ್ಕನೆಯದು, ಕಲ್ಲಿಗೆ ಕೇಡು ಮಾಡಬಾರದು. ತಂತಿಯ ಬ್ರಷ್ಷು, ಆಮ್ಲ, ಸುಣ್ಣ ಬೇಡ. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿನಲ್ಲಿ, ಇಲ್ಲವೆ ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿದಾಗ, ಸವೆದ ಅಕ್ಷರಗಳು ತಾವೇ ಎದ್ದು ಕಾಣುತ್ತವೆ.

ಕಡೆಯದಾಗಿ, ಹೆಣ್ಣುಮಕ್ಕಳಾದ ನಾವು ವಿಶೇಷವಾಗಿ ಗಮನಿಸತಕ್ಕ ಮಾತೊಂದುಂಟು. ಇಂಥವನ ಹೆಂಡತಿ, ಇಂಥವನ ಕೂಸು ಎಂದಷ್ಟೇ ಬರೆದ ಕಲ್ಲುಗಳು ಹಲವಿವೆ. ಮತ್ತಾಯನ ಸುವಾರ್ತೆಯ ವಂಶಾವಳಿಯಲ್ಲಿಯೂ ತಾಮಾರ, ರಾಹಾಬ, ರೂತ್ ಇವರ ಹೆಸರುಗಳಿದ್ದು, ಬತ್ಷೆಬೆಯು ಮಾತ್ರ ಊರೀಯನ ಹೆಂಡತಿಯೆಂದು ಬರೆಯಲ್ಪಟ್ಟಿದ್ದಾಳೆ. ಅವಳ ಹೆಸರನ್ನು ಸಮುವೇಲನ ಎರಡನೆಯ ಗ್ರಂಥದಿಂದ ತಿಳಿಯುತ್ತೇವೆ. ಹಾಗೆಯೇ ಕಲ್ಲಿನಲ್ಲಿಲ್ಲದ ಹೆಸರು ಸಭೆಯ ರಿಜಿಸ್ಟರಿನಲ್ಲಿಯೋ ಶಾಲೆಯ ದಾಖಲೆಯಲ್ಲಿಯೋ ದೊರೆಯಬಹುದು. ಅದನ್ನು ಕಲ್ಲಿನ ಮಾತಿನೊಳಗೆ ಸೇರಿಸದೆ, ಎಲ್ಲಿ ದೊರೆಯಿತೆಂಬುದರ ಸಹಿತ ಪಕ್ಕದಲ್ಲಿ ಬರೆಯಿರಿ.

ಈ ರಜೆಯಲ್ಲಿ ನಿಮ್ಮ ಊರಿನ ಸಮಾಧಿತೋಟಕ್ಕೆ ಒಂದು ನೋಟುಪುಸ್ತಕವನ್ನೂ ಒಬ್ಬ ಜೊತೆಗಾತಿಯನ್ನೂ ಕರೆದುಕೊಂಡು ಹೋಗಿರಿ. ಸಭೆಯ ಹಿರಿಯರ ಅಪ್ಪಣೆಯನ್ನು ಮೊದಲು ಪಡೆಯಿರಿ. ಹತ್ತೇ ಕಲ್ಲುಗಳಾದರೂ ಸರಿಯೆ, ಸರಿಯಾಗಿ ಬರೆದು ತನ್ನಿರಿ. ನಿಮ್ಮ ಪಟ್ಟಿಗಾಗಿ ಯಾವಳೋ ಒಬ್ಬ ಮುದುಕಿ ಈಗಲೇ ಕಾದಿರಬಹುದು.