ಕೂಸಿನ ಜಳಕ: ದಿನಾ ಬೇಕೇ? ನೀರು ಎಷ್ಟು ಬಿಸಿ ಇರಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಬಾಣಂತಿ ಇರುವ ಮನೆ ಯಾವುದೆಂದು ಬೆಳಗಿನ ಬಚ್ಚಲ ಒಲೆಯೇ ಹೇಳುತ್ತದೆ. ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಎರೆಯಲು ಬಂದ ಅಜ್ಜಿ ಕಾಲು ಚಾಚಿ ಕುಳಿತಿರುತ್ತಾಳೆ. ಎಣ್ಣೆ ಹಚ್ಚಿಸಿಕೊಂಡ ಕೂಸು ಅವಳ ಕಾಲ ಮೇಲೆ ಬೋರಲು ಮಲಗಿ ಚೀರುತ್ತಿರುತ್ತದೆ. ಜಳಕವಾದ ಮೇಲೆ ಮೂರು ತಾಸು ಅಲುಗಾಡದೆ ಮಲಗಿದರೆ ‘ಛಲೋ ಎರದ್ರು’ ಎಂದು ಮನೆಮಂದಿಗೆ ಸಮಾಧಾನ. ಆದರೆ ಅತ್ತು ದಣಿದ ಕೂಸೂ ಹಾಗೆಯೇ ಮಲಗುತ್ತದೆ. ಕಾಲ ಮೇಲೆ ಹಾಕಿಕೊಂಡು ಎರೆಯುವ ರೂಢಿಯಲ್ಲಿ ದೋಷವಿಲ್ಲ. ತಪ್ಪುವುದು ಮೊದಲ ಜಳಕದ ಅವಸರದಲ್ಲಿ ಮತ್ತು ನೀರಿನ ಬಿಸಿಯಲ್ಲಿ.

ಹುಟ್ಟಿದ ಕೂಸಿಗೆ ಕನಿಷ್ಠ 24 ತಾಸು ಜಳಕ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆಯ ಸಂಪ್ರದಾಯ ಅಷ್ಟು ಹೊತ್ತು ಕಾಯಲು ಬಿಡದಿದ್ದರೂ 6 ತಾಸಿನೊಳಗೆ ಸರ್ವಥಾ ಕೂಡದು. ಮೈ ತೊಯ್ದ ನವಜಾತ ಶಿಶುವಿನ ಶಾಖ ಬಹಳ ಬೇಗ ಇಳಿಯುತ್ತದೆ. ಮೈಗೆ ಅಂಟಿಕೊಂಡ ಬಿಳಿ ಬೆಣ್ಣೆಯಂಥ ಲೇಪ ಹೊಲಸಲ್ಲ, ಅದು ಚರ್ಮದ ಕಾವಲು. ಅದನ್ನು ತಿಕ್ಕಿ ತೆಗೆಯಬೇಡಿ. ತೂಕ ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ವೈದ್ಯರು ಹೇಳುವವರೆಗೂ ಜಳಕವಿಲ್ಲ, ಬಟ್ಟೆಯಿಂದ ಒರೆಸಿದರೆ ಸಾಕು. ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಣಗಿ ಬೀಳುತ್ತದೆ. ಅಲ್ಲಿಯವರೆಗೆ ಒರೆಸುವುದೇ ಒಳ್ಳೆಯದು. ಬಳ್ಳಿಗೆ ಬೂದಿ, ಅರಿಶಿನ, ಎಣ್ಣೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು.

ಬಳ್ಳಿ ಬಿದ್ದ ಮೇಲೆ ಅಂಬೆಗಾಲಿಡುವವರೆಗೆ ವಾರಕ್ಕೆ ಎರಡು ಮೂರು ಜಳಕ ಸಾಕು. ಕೂಸು ಮಣ್ಣಲ್ಲಿ ಆಡುವುದಿಲ್ಲ, ಹೊಲಸಾಗುವುದು ಬಾಯಿ, ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದಿ ಮಾತ್ರ. ಉಳಿದ ದಿನ ಅವನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಏಪ್ರಿಲ್-ಮೇ ತಿಂಗಳ ಅಥಣಿ ಕಡೆಯ ಬಿಸಿಲಲ್ಲಿ ಬೆವರುಸಾಲೆ ಏಳುತ್ತದೆ. ಆಗ ದಿನಾ ಎರೆಯಬಹುದು, ಆದರೆ ದಿನಾ ಸೋಪು ಬೇಡ. ಡಿಸೆಂಬರಿನ ಥಂಡಿಯಲ್ಲಿ ಎರಡು ದಿನ ಬಿಟ್ಟರೆ ಏನೂ ಆಗುವುದಿಲ್ಲ. ಅಂಬೆಗಾಲಿಟ್ಟು ಅಂಗಳಕ್ಕಿಳಿದ ಮೇಲೆ ಲೆಕ್ಕ ಬದಲಾಗುತ್ತದೆ, ದಿನಾ ಇಲ್ಲವೆ ದಿನ ಬಿಟ್ಟು ದಿನ ಜಳಕವಾಗಲಿ. ಆರರಿಂದ ಹನ್ನೊಂದು ವರ್ಷದವರಿಗೆ ವಾರಕ್ಕೆ ಕನಿಷ್ಠ ಒಂದೆರಡು ಜಳಕ ಎಂದು ಅಮೆರಿಕದ ಚರ್ಮವೈದ್ಯರು ಹೇಳುತ್ತಾರೆ. ನಮ್ಮ ಬಿಸಿಲು, ಧೂಳಿನಲ್ಲಿ ಬೆವರಿಳಿಯುವಂತೆ ಆಡಿ ಬರುವ ಮಕ್ಕಳಿಗೆ ಅದು ಸಾಲದು, ದಿನಕ್ಕೊಂದು ಬೇಕು.

ಈಗ ನೀರಿನ ಮಾತು. ಇದನ್ನು ದಯವಿಟ್ಟು ಎರಡು ಸಲ ಓದಿ.

ಕೂಸಿನ ಜಳಕದ ನೀರು ಮೈಶಾಖದಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್‌ ಆಸುಪಾಸು ಇರಬೇಕು. ‘ಬಿಸಿ ನೀರಿಗೆ ಎಲುಬು ಗಟ್ಟಿಯಾಗುತ್ತದೆ’ ಎಂಬ ನಂಬಿಕೆಗೆ ಆಧಾರವಿಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಕೂಸಿನ ತೆಳು ಚರ್ಮಕ್ಕೆ ಅಷ್ಟೂ ಬೇಡ. ಹಂಡೆಯಲ್ಲಿ ಕುದಿಯುವ ನೀರು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಹೆಚ್ಚಿನ ಮನೆಗಳಲ್ಲಿ ಬಕೀಟಿಗೆ ಮೊದಲು ಬಿಸಿನೀರು ಸುರಿದು, ಆಮೇಲೆ ತಣ್ಣೀರು ತರಲು ಹೋಗುತ್ತಾರೆ. ಆ ಅರೆಗಳಿಗೆಯಲ್ಲೇ ಎರಡು ವರ್ಷದ ಅಣ್ಣನೋ ಅಕ್ಕನೋ ಬಂದು ಕೈ ಹಾಕುತ್ತಾರೆ, ಎಡವಿ ಬೀಳುತ್ತಾರೆ. ಆದ್ದರಿಂದ ಮೊದಲು ತಣ್ಣೀರು, ನಂತರ ಬಿಸಿನೀರು. ತಳದಿಂದ ಚೆನ್ನಾಗಿ ಕಲಕಬೇಕು. ಒಲೆ, ಪಾತ್ರೆಯ ಕಾವಿಗೆ ಒಗ್ಗಿದ ಕೈಬೆರಳಿಗೆ ಬಿಸಿ ತಿಳಿಯುವುದಿಲ್ಲ, ಮೊಣಕೈ ಅದ್ದಿ ನೋಡಬೇಕು. ಮೊಣಕೈಗೆ ಬೆಚ್ಚಗಿದ್ದರೆ ಸರಿ, ಚುರುಗುಟ್ಟಿದರೆ ಇನ್ನೊಂದು ತಂಬಿಗೆ ತಣ್ಣೀರು ಬೀಳಲಿ. ಎರೆಯುವ ನಡುವೆ ‘ಆರಿತು’ ಎಂದು ಹಂಡೆಯಿಂದ ನೇರ ತೋಡಿ ಸೇರಿಸುವುದು ಎಲ್ಲಕ್ಕಿಂತ ಅಪಾಯ. ಎರೆಯುವವರ ವಯಸ್ಸಿಗೆ ಗೌರವ ಕೊಡೋಣ, ಆದರೆ ಮೊಣಕೈ ಅದ್ದಿ ನೋಡುವುದು ತಾಯಿಯ ಹಕ್ಕು. ಕೂಸನ್ನು ನೀರಿನ ಬಳಿ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ, ಬಾಗಿಲಲ್ಲಿ ಯಾರೇ ಕೂಗಲಿ.

ಸುಟ್ಟರೆ ತಕ್ಷಣ 20 ನಿಮಿಷ ನಳದ ತಣ್ಣೀರು ಹರಿಸಿ, ಆಸ್ಪತ್ರೆಗೆ ಒಯ್ಯಿರಿ. ಟೂತ್‌ಪೇಸ್ಟ್, ಶಾಯಿ ಬಳಿಯಬೇಡಿ. ಪೇಟೆಯ ಮನೆಗಳಲ್ಲಿ ಗ್ಯಾಸ್ ಗೀಸರ್ ಇದ್ದರೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಕೂಸನ್ನು ಒಳಗೆ ಒಯ್ಯಿರಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಸೇರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಜಳಕ ಹಾಲು ಕುಡಿದ ಕೂಡಲೇ ಬೇಡ. ಟವೆಲ್, ಅಂಗಿ, ಟೊಪ್ಪಿಗೆ ಮೊದಲೇ ಕೈಗೆಟುಕುವಂತಿರಲಿ. ಐದರಿಂದ ಹತ್ತು ನಿಮಿಷದಲ್ಲಿ ಮುಗಿಯಬೇಕು. ಕೊಬ್ಬರಿ ಎಣ್ಣೆ ಮೆಲ್ಲಗೆ ಸವರಿದರೆ ಒಳ್ಳೆಯದು, ಸಾಸಿವೆ ಎಣ್ಣೆ ಚರ್ಮ ಕೆರಳಿಸುತ್ತದೆ. ಮೈಮೇಲಿನ ನವಿರುಗೂದಲು ಹೋಗಲೆಂದು ಕಡ್ಲಿ ಹಿಟ್ಟಿನಿಂದ ಕೆಂಪಾಗುವಂತೆ ತಿಕ್ಕುವ ಅಗತ್ಯವಿಲ್ಲ, ಆ ಕೂದಲು ತಾನೇ ಉದುರುತ್ತದೆ. ಮೂಗು, ಕಿವಿಗೆ ಎಣ್ಣೆ ಬಿಡಬೇಡಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ ಆಗುತ್ತದೆ. ಕೂಸಿನ ಎದೆ ಉಬ್ಬಿದೆ ಎಂದು ಹಿಂಡಿದರೆ ಕೀವು ತುಂಬಬಹುದು. ಕೂಸನ್ನು ಒಣಗಿಸಲು ಲೋಬಾನದ ಹೊಗೆಯೂ ಬೇಡ.

ನಿಪ್ಪಾಣಿ ಭಾಗದ ತಾಯಂದಿರಿಗೆ ಇನ್ನೊಂದು ಮಾತು. ಬೀಡಿ ಸುತ್ತಿದ, ತಂಬಾಕಿನ ಎಲೆ ಮುಟ್ಟಿದ ಕೈಯಲ್ಲಿ ಕೂಸಿಗೆ ಎಣ್ಣೆ ಹಚ್ಚಬೇಡಿ. ನಿಕೋಟಿನ್ ಚರ್ಮದ ಮೂಲಕವೂ ಒಳಸೇರುತ್ತದೆ. ಸೋಪಿನಿಂದ ಕೈ ತೊಳೆದು, ಸೀರೆ ಬದಲಿಸಿ ಕುಳಿತುಕೊಳ್ಳಿ. ದ್ರಾಕ್ಷಿ ಪಡದಲ್ಲಿ ಔಷಧ ಹೊಡೆದು ಬಂದ ಅಪ್ಪನಿಗೂ ಇದೇ ನಿಯಮ: ಮೊದಲು ಅವನ ಜಳಕ, ಆಮೇಲೆ ಕೂಸನ್ನು ಎತ್ತಿಕೊಳ್ಳುವುದು.

ಜ್ವರ ಬಂದಾಗ, ‘ಅಮ್ಮ’ (ಸೀತಾಳೆ ಸಿಡುಬು, ದಡಾರ) ಬಂದಾಗ ವಾರಗಟ್ಟಲೆ ನೀರು ಮುಟ್ಟಿಸದಿರುವುದು ಸರಿಯಲ್ಲ. ಉಗುರುಬೆಚ್ಚಗಿನ ನೀರಲ್ಲಿ ಎರೆದು, ಉಜ್ಜದೆ ಬಟ್ಟೆ ಒತ್ತಿ ಒಣಗಿಸಿ. ಕಜ್ಜಿಯಾದರೆ ದಿನಾ ಜಳಕದಿಂದ ಹೋಗದು, ಇಡೀ ಮನೆಗೆ ಔಷಧ ಬೇಕು. 2019ರ ಆಗಸ್ಟಿನಲ್ಲಾದಂತೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಊರೊಳಗೆ ನುಗ್ಗಿದಾಗ ಆ ನೀರಲ್ಲಿ ಮಕ್ಕಳನ್ನು ಇಳಿಸಬೇಡಿ. ನೆರೆ ಇಳಿದು ಬಾವಿ, ಬೋರ್‌ವೆಲ್ ಶುದ್ಧವಾಗುವವರೆಗೂ ಕೂಸಿಗೆ ಕುದಿಸಿ ಆರಿಸಿದ ನೀರನ್ನೇ ಎರೆಯಿರಿ.